ಆಯುಧಪೂಜೆಯ ದಿನ ಆಕ್ಸ್ ರಿಪೇರಿ

ಐದು ಗಂಟೆಗೆ ಮ್ಯಾಚು. ನನ್ನ ಮಗಳು ಸಮನ್ವಿತಾ, ನಮ್ಮೆಲ್ಲರ ಸಮಿ, ಮೊದಲ ಸಲ ಮೈಕಿನ ಮುಂದೆ ಕೂತು ಕಬಡ್ಡಿ ಕಾಮೆಂಟರಿ ಹೇಳುವವಳಿದ್ದಳು. ಜಯನಗರದ ಮೈದಾನದಲ್ಲಿ ದಸರಾ ಟೂರ್ನಮೆಂಟಿನ ಫೈನಲ್. ಒಂದು ಪುಟ್ಟ ಸಮುದಾಯ ರೇಡಿಯೋದವರು ಅದನ್ನು ತಮ್ಮ ಆ್ಯಪಿನಲ್ಲಿ ನೇರವಾಗಿ ಕೇಳಿಸುವವರಿದ್ದರು.

"ಯಾರೂ ಗ್ರೌಂಡಿಗೆ ಬರ್ಬೇಡಿ. ನಿಮ್ಮ ಮುಖ ನೋಡಿದ್ರೆ ನಂಗೆ ಮಾತೇ ಹೊರಡಲ್ಲ. ಮನೇಲೇ ಕೇಳಿ. ಅಮ್ಮ, ತಾತಂಗೆ ಹೇಗಾದ್ರೂ ಕೇಳ್ಸು, ಪ್ಲೀಸ್" ಎಂದು ಹೇಳಿ ಬೆಳಿಗ್ಗೆಯೇ ಹಾರಿಹೋಗಿದ್ದಳು.

ಆ ಕೊನೆಯ ಮಾತೇ ಕಷ್ಟದ್ದು. ತಾತ ಎಂದರೆ ನನ್ನ ಮಾವ ಗುರುಬಸಪ್ಪ. ಅವರಿಗೆ ಕಿವಿ ಮಂದವಾಗಿ ಆರೇಳು ವರ್ಷವಾಯಿತು. ಕಿವಿಗೆ ಹಾಕುವ ಮಿಷನ್ ತಂದುಕೊಟ್ಟರೆ ಗುಂಯ್‌ಗುಡುತ್ತದೆಂದು ಬೀರುವಿಗೆ ಸೇರಿಸಿದರು. ಟೀವಿ, ಫೋನು ಎಷ್ಟು ಜೋರು ಮಾಡಿದರೂ ಅವರಿಗೆ ಬರೀ ಗದ್ದಲ. ಮನೆಯಲ್ಲಿ ಅವರೊಂದಿಗೆ ನಮ್ಮದೆಲ್ಲ ಕೈಸನ್ನೆಯ ವ್ಯವಹಾರ, ತೀರಾ ಬೇಕೆಂದರೆ ಕಿವಿಗೆ ಬಾಯಿಟ್ಟು ಒಂದೆರಡು ಮಾತು. ಮಾತು ಮಾತಾಗಿ ಕೇಳುತ್ತಿದ್ದದ್ದು ಒಂದೇ ಜಾಗದಲ್ಲಿ: ನಮ್ಮ ಹಳೆಯ ಕಾರಿನ ಮುಂದಿನ ಸೀಟಿನಲ್ಲಿ, ಗಾಜು ಏರಿಸಿ, ಸ್ಪೀಕರಿನ ಪಕ್ಕ ಕೂತಾಗ. ನನ್ನ ಗಂಡ ಮಹಾಂತೇಶ್ ಒಂದು ಕಾಲದಲ್ಲಿ ಹುಚ್ಚಿಗೆ ಬಿದ್ದು ಹಾಕಿಸಿದ ಸ್ಪೀಕರುಗಳವು, ಒಂದೊಂದೂ ಊಟದ ತಟ್ಟೆಯಷ್ಟಿವೆ. ಮಾವ ದಿನಾ ಅಲ್ಲಿ ಕೂತು ರೇಡಿಯೋ ವಾರ್ತೆ ಕೇಳಿ ಬರುತ್ತಾರೆ.

ಫೋನಿನ ಧ್ವನಿ ಆ ಸ್ಪೀಕರಿಗೆ ಬರಬೇಕಾದರೆ ಫೋನನ್ನು ಸ್ಟೀರಿಯೋಗೆ ಜೋಡಿಸುವ ಆಕ್ಸ್ ವೈರೇ ಗತಿ. ನಮ್ಮ ಸ್ಟೀರಿಯೋ ಬ್ಲೂಟೂತಿನ ಕಾಲಕ್ಕಿಂತ ಹಿಂದಿನದು. ಹಬ್ಬದೂಟ ಮುಗಿಸಿ, ಒಮ್ಮೆ ನೋಡೋಣವೆಂದು ವೈರು ಚುಚ್ಚಿದೆ. ಪರದೆಯ ಮೇಲೆ ಆಕ್ಸ್ ಎಂದೇನೋ ಬಂತು, ಸದ್ದು ಮಾತ್ರ ಇಲ್ಲ. ವೈರು ಬದಲಿಸಿದೆ. ಫೋನು ಬದಲಿಸಿದೆ. ಊಹೂಂ. ರೇಡಿಯೋ ಹಾಕಿದರೆ ಸೊಗಸಾಗಿ ಹಾಡುತ್ತದೆ!

"ರೀ, ಹೋದ ವಾರ ಇದಕ್ಕೆ ಏನ್ ಮಾಡಿಸಿದ್ರಿ?"

"ರಿವರ್ಸ್ ಕ್ಯಾಮೆರಾ ಹಾಕಿಸ್ದೆ, ತಿಲಕ್ ನಗರದಲ್ಲಿ. ಹಬ್ಬಕ್ಕೆ ಏನಾದ್ರೂ ಹೊಸದು ಇರ್ಲಿ ಅಂತ."

"ಅದಕ್ಕೆ ಕರೆಂಟು ಎಲ್ಲಿಂದ ಎಳೆದ ಅವನು?"

"ಸ್ಟೀರಿಯೋ ಹೊರಗೆ ತೆಗೆದು ಹಿಂದುಗಡೆ ಏನೋ ಕಿತ್ತ, ಏನೋ ಹಾಕ್ದ. ನಾನು ಟೀ ಕುಡೀತಿದ್ದೆ ಅಂಜು."

ನನಗೆ ಅಷ್ಟು ಸಾಕಾಗಿತ್ತು. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಪಕ್ಕದ ಮನೆಯವರ ಟೇಬಲ್ ಫ್ಯಾನು, ನಾನು ಬಿಚ್ಚದ ಸಾಮಾನಿಲ್ಲ. ಅಂಗಡಿಯವನು ಫೋನ್ ಎತ್ತಲಿಲ್ಲ. ಆಯುಧಪೂಜೆಯ ದಿನ ಯಾವ ಪುಣ್ಯಾತ್ಮ ಎತ್ತುತ್ತಾನೆ? ನಾನೇ ಸ್ಟೀರಿಯೋ ಹೊರಗೆಳೆಯುತ್ತೇನೆ ಎಂದು ಸೆರಗು ಸಿಕ್ಕಿಸಿಕೊಂಡು ಒಳಗೆ ಓಡಿದೆ.

ಓಡಿದವಳು ದೇವರ ಮುಂದೆ ನಿಂತುಬಿಟ್ಟೆ. ಸ್ಕ್ರೂಡ್ರೈವರು, ಪಕ್ಕಡ್, ಚಾಕು, ಕತ್ತರಿ, ತುರಿಯೋಮಣೆ, ಮನೆಯಲ್ಲಿದ್ದ ಲೋಹವೆಲ್ಲ ವಿಭೂತಿ ಬಳಿದುಕೊಂಡು, ಚೆಂಡುಹೂ ಮುಡಿದು ಕೂತಿತ್ತು. ಸ್ಟೀರಿಯೋ ಎಳೆಯಲು ಬೇಕಾದ ಎರಡು ತೆಳ್ಳಗಿನ ಕೀಲಿಗಳೂ ಅಲ್ಲೇ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಮಾವ.

"ಮುಟ್ಬೇಡಮ್ಮ! ಪೂಜೆಗೆ ಕೂತಿವೆ. ನಾಳೆವರೆಗೂ ಮುಟ್ಟಂಗಿಲ್ಲ."

ನಾನು ಕಾರು ತೋರಿಸಿದೆ, ಅವರ ಕಿವಿ ತೋರಿಸಿದೆ, ಗೋಡೆಯ ಮೇಲಿನ ಸಮಿಯ ಫೋಟೋ ತೋರಿಸಿದೆ, ಮೈಕು ಹಿಡಿದಂತೆ ನಟಿಸಿದೆ. ಅವರಿಗೆ ಎಲ್ಲ ಅರ್ಥವಾಯಿತು.

"ಗೊತ್ತಮ್ಮ. ಅವಳು ಹೇಳೋದು ಕೇಳ್ಬೇಕು ಅಂತ ಬೆಳಿಗ್ಗೆಯಿಂದ ಕಾಯ್ತಾ ಕೂತಿದ್ದೀನಿ. ಆದ್ರೆ ನಾನು ಜೀವಮಾನವೆಲ್ಲ ಲೇತ್ ಮಿಷಿನ್ ಮುಂದೆ ನಿಂತೋನು. ಜೊತೆಯೋರಲ್ಲಿ ಎಷ್ಟೋ ಜನಕ್ಕೆ ಬೆರಳಿಲ್ಲ. ನೋಡು, ನಂಗೆ ಹತ್ತೂ ಇವೆ. ವರ್ಷಕ್ಕೊಂದಿನ ಇವಕ್ಕೆ ರಜ ಕೊಡ್ದಿದ್ರೆ ಹೇಗೆ?"

ಮೈಯೆಲ್ಲ ಉರಿಯಿತು. ಕೇಳಬೇಕಾದವರೂ ಇವರೇ, ಅಡ್ಡ ಕೂತವರೂ ಇವರೇ! ಕಣ್ಣು ತಪ್ಪಿಸಿ ಎತ್ತಿಕೊಂಡು ಹೋಗೋಣವೆನಿಸಿದ್ದು ನಿಜ. ಆದರೆ ಆ ಹತ್ತು ಬೆರಳುಗಳನ್ನು ಮುಂದೆ ಚಾಚಿಕೊಂಡು ಕೂತಿದ್ದ ಮನುಷ್ಯನಿಗೆ ಮೋಸ ಮಾಡಲು ಕೈ ಬರಲಿಲ್ಲ. ಮಹಾಂತೇಶ್ ಅಕ್ಕಪಕ್ಕದ ಮನೆಗಳಲ್ಲಿ ಕೇಳಿ ಬಂದರು. ಅಲ್ಲೂ ಎಲ್ಲವೂ ಪೂಜೆಗೆ ಕೂತಿದ್ದವಂತೆ. ಸ್ಪ್ಯಾನರ್ ಕೇಳಲು ಹೋದವರು ಪುರಿ, ಸಿಹಿ ಹಿಡಿದುಕೊಂಡು ಬಂದಿದ್ದರು.

ಗಂಟೆ ನಾಲ್ಕೂವರೆ. ಸಿಟ್ಟು ಇಳಿಯಲೆಂದು ಮುಖಕ್ಕೆ ನೀರೆರಚಿಕೊಳ್ಳಲು ಬಚ್ಚಲಿಗೆ ಹೋದೆ. ಮುಖ ಎತ್ತಿದರೆ ಕಣ್ಣೆದುರಿಗೆ ಬ್ರಶ್ಶಿನ ಮಗ್ಗು, ಅದರಲ್ಲಿ ಎರಡು ಸ್ಟೀಲಿನ ಟಂಗ್ ಕ್ಲೀನರು. ಒಂದು ಮಾವನದು, ಒಂದು ಗಂಡನದು. ತೆಳ್ಳಗೆ, ಚಪ್ಪಟೆಯಾಗಿ, ಕುದುರೆ ಲಾಳದಂತೆ ಬಾಗಿದ್ದವು. ಆ ಕೀಲಿಗಳದ್ದೂ ಸರಿಸುಮಾರು ಅದೇ ಆಕಾರ!

ಎರಡನ್ನೂ ಹಿಡಿದುಕೊಂಡು ಮಾವನ ಮುಂದೆ ನಿಂತು ಅವರ ಕಿವಿಯ ಹತ್ತಿರ ಕಿರುಚಿದೆ: "ಮಾವ, ಇವಕ್ಕೆ ಪೂಜೆ ಆಗಿದ್ಯಾ?"

"ಥೂ! ಎಂಜಲು ಸಾಮಾನು. ಅದಕ್ಕೆ ಯಾರಾದ್ರೂ ಪೂಜೆ ಮಾಡ್ತಾರಾ?" ಎಂದವರು ನನ್ನ ಮುಖ ನೋಡಿದರು. ಆಮೇಲೆ ನಿಧಾನವಾಗಿ ಮೀಸೆಯಡಿ ನಕ್ಕರು. "ಹೋಗು, ಹೋಗು. ಅದಕ್ಕೆ ರಜ ಇಲ್ಲ."

ಕಾರಿನ ಹೂವಿನ ಹಾರ ಪಕ್ಕಕ್ಕೆ ಸರಿಸಿ ಒಳಗೆ ನುಗ್ಗಿದೆ. ಟಂಗ್ ಕ್ಲೀನರುಗಳನ್ನು ಇನ್ನಷ್ಟು ಬಗ್ಗಿಸಿ ಸ್ಟೀರಿಯೋದ ಎರಡೂ ಅಂಚಿನ ಸೀಳಿಗೆ ತೂರಿಸಿದೆ. ಎಡಗಡೆ ಟಿಕ್ ಎಂದಿತು. ಬಲಗಡೆ ಜಪ್ಪಯ್ಯ ಎನ್ನಲಿಲ್ಲ.

"ಅಂಜು, ಐದಾಗ್ತಾ ಬಂತು" ಎಂದರು ಮಹಾಂತೇಶ್, ಟಾರ್ಚ್ ಹಿಡಿದುಕೊಂಡು.

"ಗಡಿಯಾರ ನೋಡ್ಬೇಡಿ, ಲೈಟು ನೆಟ್ಟಗೆ ಬಿಡಿ!"

ಇನ್ನೊಮ್ಮೆ ಅದುಮಿದೆ. ಟಿಕ್! ಸ್ಟೀರಿಯೋ ಜಾರಿ ಮಡಿಲಿಗೆ ಬಂತು. ಹಿಂದೆ ವೈರುಗಳ ಶಾವಿಗೆ. ಆಕ್ಸಿನ ಕೆಂಪು, ಬಿಳಿ ಪಿನ್ನುಗಳನ್ನು ಹುಡುಕಿ ಹಿಡಿದೆ. ಆ ಅಂಗಡಿಯವನು ಅವನ್ನು ಕಿತ್ತು, ಮತ್ತೆ ಹಾಕುವಾಗ ಧ್ವನಿ ಹೊರಗೆ ಹೋಗುವ ತೂತಿಗೆ ಸಿಕ್ಕಿಸಿದ್ದ. ಒಳಗೆ ಬರುವ ತೂತು, ಅದೇ ಬಣ್ಣದ್ದು, ಪಕ್ಕದಲ್ಲೇ ಖಾಲಿ ಇತ್ತು. ಇಷ್ಟೇನಾ! ಬರಿಗೈಯಲ್ಲೇ ಕಿತ್ತು ಸರಿಯಾದ ಕಡೆ ಒತ್ತಿದೆ. ಫೋನು ಚುಚ್ಚಿದ್ದೇ ತಡ, ಇಡೀ ಕಾರು ಸೀಟಿ, ಚಪ್ಪಾಳೆ, ಮೈದಾನದ ಗಲಾಟೆಯಿಂದ ತುಂಬಿಹೋಯಿತು. ನಾನು ಕೂಗಿದ ಕೂಗಿಗೆ ಎದುರು ಮನೆಯ ಲತಾಮಣಿ ಆಂಟಿ ಗೇಟಿಗೆ ಬಂದರು.

ಮಾವನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ನಾವೂ ಹತ್ತಿ ಗಾಜು ಏರಿಸಿದೆವು. ಮ್ಯಾಚು ಶುರುವಾಗಿತ್ತು.

"ರೈಡರ್ ಒಳಗೆ ನುಗ್ಗಿದ್ದಾರೆ! ಮೂಲೆಯಿಂದ ಬಂದು ಕಾಲು ಹಿಡಿದ್ರು... ಬಿಡಿಸ್ಕೊಂಡ್ರು, ಇನ್ನೊಬ್ರು ಸೊಂಟ ಹಿಡಿದ್ರು... ಕೈ ಚಾಚ್ತಿದ್ದಾರೆ, ಗೆರೆ, ಗೆರೆ... ಮುಟ್ಟೇಬಿಟ್ರು!"

ಮಾವ ತೊಡೆ ತಟ್ಟಿ ಸೀಟಿನಲ್ಲೇ ಎಗರಿದರು. "ಭಲೇ! ಒಂದೊಂದು ಅಕ್ಷರ ಕೇಳ್ತಿದೆ ಕಣಮ್ಮ! ಯಾರು ಈ ಹೆಣ್ಮಗಳು? ಸಖತ್ತಾಗಿ ಹೇಳ್ತಾಳೆ. ನಮ್ಮ ಸಮಿ ಯಾವಾಗ ಬರ್ತಾಳೆ?"

ನನ್ನ ನಗು ಅಲ್ಲೇ ನಿಂತಿತು. ಮಹಾಂತೇಶ್ ಹಿಂದಿನ ಸೀಟಿನಿಂದ ನನ್ನ ಕಡೆ ನೋಡಿದರು. ಮಾವನ ಕಿವಿ ಚೆನ್ನಾಗಿದ್ದಾಗ ಸಮಿ ಇನ್ನೂ ಪ್ರೈಮರಿ ಸ್ಕೂಲಿನಲ್ಲಿದ್ದಳು, ಇಲಿಮರಿಯಂಥ ಕೀಚುದನಿ. ಅವರು ಇಷ್ಟು ಹೊತ್ತು ಕಾಯುತ್ತಿದ್ದದ್ದು ಆ ಧ್ವನಿಗೆ.

ಅವರ ಕಿವಿಗೆ ಬಾಯಿಟ್ಟು ಹೇಳಿದೆ: "ಮಾವ, ಇವಳೇ ಸಮಿ."

ಅವರು ನನ್ನನ್ನು ನೋಡಿದರು. ಸ್ಪೀಕರನ್ನು ನೋಡಿದರು. ಬಾಗಿ, ಅದರ ಜಾಲರಿಯ ಮೇಲೆ ಅಂಗೈಯಿಟ್ಟು ಹಾಗೇ ಕೂತರು. ಅವಳಿಗೆ ಈ ಕೆಲಸ ಹೇಗೆ ಸಿಕ್ಕಿತೆಂದು ನಾನು ಹೇಳಹೊರಟೆ. ಅವರು ಇನ್ನೊಂದು ಕೈಯೆತ್ತಿ ನನ್ನನ್ನು ತಡೆದರು.

"ಸುಮ್ನಿರಮ್ಮ. ಅವಳು ಮಾತಾಡ್ತಿದ್ದಾಳೆ."