ತುಟಿಯ ಮೇಲಿನ ನೊರೆ

ಕ್ಷೌರಿಕನ ಕೈ ಬಲು ಚುರುಕು, ಬಾಯಿ ಮಾತ್ರ ಕಲ್ಲು. ಎದುರಂಗಡಿಯವನು ಬರೀ ಹರಟೆಯಿಂದಲೇ ಗಿರಾಕಿಗಳನ್ನೆಲ್ಲ ಸೆಳೆದುಕೊಂಡಾಗ ಕ್ಷೌರಿಕನ ಹೆಂಡತಿಯೇ ಗಂಡನಿಗೆ ಪಾಠ ಹೇಳಲು ನಿಂತಳು.

“ನೋಡ್ರೀ, ಗಿರಾಕಿ ಏನಂದ್ರೂ ‘ಹೌದಾ? ಆಮೇಲೆ?’ ಅನ್ನಿ. ಮಿಕ್ಕಿದ್ದು ಅವರೇ ಆಡ್ಕೋತಾರೆ. ಹೀಗೆ ಬಾಯಿಗೆ ಬೀಗ ಹಾಕ್ಕೊಂಡಿದ್ರೆ ಆ ಕುರ್ಚಿ ಮೇಲೆ ನಾನೇ ಬಂದು ಕೂರ್ಬೇಕಾಗುತ್ತೆ.”

ಮರುದಿನ ಬೆಳಿಗ್ಗೆ ದನದ ದಲ್ಲಾಳಿ ಬಂದು ಕುರ್ಚಿಗೆ ಒರಗಿದ. ಕ್ಷೌರಿಕ ಅವನ ಕೆನ್ನೆಗೆ ಸಾಬೂನಿನ ನೊರೆ ಹಚ್ಚತೊಡಗಿದ.

“ಮನೇಲಿ ಅಮ್ಮ ಹಾಸಿಗೆ ಹಿಡಿದಿದ್ದಾಳೆ” ಎಂದ ದಲ್ಲಾಳಿ.

“ಹೌದಾ? ಆಮೇಲೆ?”

“ದಿನಾ ಹಾಸಿಗೆ ಒದ್ದೆ. ನಾನೇನು ದಡ್ಡನಾ? ಮಧ್ಯಾಹ್ನದ ಮೇಲೆ ನೀರೇ ಕೊಡಬೇಡ ಅಂತ ಹೆಂಡ್ತಿಗೆ ಹೇಳ್ಬಿಟ್ಟೆ.”

“ಹೌದಾ? ಆಮೇಲೆ?”

“ಆಮೇಲೇನು, ನೀರು ನೀರು ಅಂತ ಕೈ ಚಾಚ್ತಾಳೆ. ಹಾಸಿಗೆ ಮಾತ್ರ ಗರಿಗರಿ!” ದಲ್ಲಾಳಿ ಹೊಟ್ಟೆ ಕುಲುಕಿಸಿ ನಕ್ಕ. “ನಿನ್ನ ಹತ್ರ ಮಾತಾಡೋಕೆ ಖುಷಿಯಾಗುತ್ತೆ ಮಾರಾಯ. ಇನ್ಮೇಲೆ ಇಲ್ಲಿಗೇ ಬರ್ತೀನಿ.”

ಮೂರನೆಯ ‘ಹೌದಾ’ ಕ್ಷೌರಿಕನ ನಾಲಿಗೆಯ ತುದಿಗೆ ಬಂದಿತ್ತು. ಕೊಳೆತದ್ದನ್ನು ಕಚ್ಚಿದವನಂತೆ ಅದನ್ನು ಅಲ್ಲೇ ತಡೆದ. ಈ ಹೊಲಸನ್ನು ಕೈಹಿಡಿದು ಹೊರಗೆ ಕರೆತಂದವನು ತಾನೇ ಅನ್ನಿಸಿ, ತನ್ನ ಬಾಯಿಯ ಮೇಲೂ ಅಸಹ್ಯವಾಯಿತು. ಬ್ರಷ್ಷನ್ನು ಬಟ್ಟಲಲ್ಲಿ ಅದ್ದಿ, ದಲ್ಲಾಳಿಯ ಎರಡು ತುಟಿಗಳೂ ಮುಚ್ಚಿಹೋಗುವಂತೆ ದಪ್ಪಗೆ ನೊರೆ ಬಳಿದ.

“ಅಲ್ಲಾಡ್ಬೇಡಿ, ಕತ್ತಿ ಹರಿತವಾಗಿದೆ” ಎಂದ. “ಮನೆಗೆ ಹೋಗಿ ಮೊದ್ಲು ಅಮ್ಮಂಗೆ ನೀರು ಕೊಡಿ. ಮುಂದಿನ ಸಲ ಎದುರಂಗಡಿಗೇ ಹೋಗಿ.”