ಕಣ್ಣಿಲ್ಲದ ಗಿಳಿ

ಊಟವಾಗಿ ಗಂಡ ಗಿರಿಮಲ್ಲಪ್ಪನ ಕಣ್ಣು ಹತ್ತಿದ್ದೇ ತಡ, ಮಧುಮತಿ ಗೋಡೆಯ ಮೊಳೆಯಿಂದ ರಟ್ಟುಗಳ ಸರ ಇಳಿಸಿ ಅಡುಗೆಮನೆಗೆ ಒಯ್ದಳು. ಕತ್ತರಿ ಮೊದಲೇ ತೆಗೆದಿಟ್ಟಿದ್ದಳು. ಗಂಡನ ಜೇಬಿಗೆ ಕೈ ಹಾಕಿದವಳಂತೆ ಒಮ್ಮೆ ಬಾಗಿಲ ಕಡೆ ನೋಡಿದಳು. ದಾರವನ್ನು ಎರಡು ಕಡೆ ಕತ್ತರಿಸಿ, ನಡುವಿನ ಒಂದಷ್ಟು ರಟ್ಟು ತೆಗೆದುಕೊಂಡು, ಉಳಿದ ತುದಿಗಳಿಗೆ ಗಂಟು ಹಾಕಿ, ಸರವನ್ನು ಇದ್ದ ಹಾಗೆಯೇ ಮೊಳೆಗೆ ತೂಗುಹಾಕಿದಳು.

ಮೈತುಂಬ ತೂತಿರುವ ಉದ್ದುದ್ದ ಪಟ್ಟಿಗಳು ಅವು. ಮಗ್ಗದ ಮೇಲೆ ಒಂದೊಂದೇ ತಿರುಗಿ ಬಂದು, ಯಾವ ಎಳೆ ಏಳಬೇಕು, ಯಾವುದು ಮಲಗಬೇಕು ಎಂದು ಹೇಳುವಂಥವು. ಈ ಸರದಲ್ಲಿದ್ದದ್ದು ಒಂದು ಗಿಳಿ. ಮಗ್ಗ ಅದನ್ನೇ ಮತ್ತೆ ಮತ್ತೆ ನೇಯ್ದರೆ ಸೀರೆಯ ದಡಿಯ ತುಂಬ ಗಿಳಿಸಾಲು. ಗಿರಿಮಲ್ಲಪ್ಪ ತಾನೇ ಚೌಕಳಿ ಹಾಳೆಯ ಮೇಲೆ ಬರೆದು ಮಾಡಿಸಿದ್ದು. ಗಿಳಿಯ ಹೊಟ್ಟೆ ಕೊಂಚ ದೊಡ್ಡದಾಗಿ, ಬನಹಟ್ಟಿಯ ಓಣಿಯ ಮಂದಿ ಅದಕ್ಕೆ ಕೋಳಿ ದಡಿ ಎಂದು ಹೆಸರಿಟ್ಟು ವರ್ಷವಿಡೀ ನಕ್ಕರು. ನಕ್ಕರೆ ನಗಲಿ, ಸೀರೆ ಒಂದೂ ಉಳಿಯಲಿಲ್ಲ.

ಹೋದ ವರ್ಷ ಲಕ್ವಾ ಹೊಡೆದು ಅವನ ಬಲಗೈ ಬಿದ್ದುಹೋಯಿತು. ಮಗ್ಗಗಳು ಗುಜರಿಗೆ ಹೋದವು. ಈ ಸರ ಒಂದನ್ನು ಮಾತ್ರ ಅವನು ಬಿಟ್ಟುಕೊಡಲಿಲ್ಲ. “ಕೈ ನೆಟ್ಟಗಾದ ಮ್ಯಾಲ ಯಾರದರ ಮಗ್ಗದಾಗ ಇದನ್ನ ಏರಸ್ತೀನಿ,” ಎನ್ನುತ್ತಿದ್ದ. ಸಂಜೆಯಾದರೆ ಅದನ್ನು ಇಳಿಸಿಕೊಂಡು, ಎಡಗೈ ಬೆರಳಿನಿಂದ ತೂತುಗಳನ್ನು ತಡವುತ್ತ, “ಇಲ್ಲಿ ಕೊಕ್ಕ, ಇಲ್ಲಿ ರೆಕ್ಕಿ,” ಎಂದು ಗೊಣಗುವುದೇ ಅವನ ಕೆಲಸ.

ಮಧುಮತಿ ರಬಕವಿಯ ಪುಸ್ತಕ ಹೊಲಿಯುವ ತರಗತಿಗೆ ಸೇರಿದ್ದು ವಾರಕ್ಕೊಮ್ಮೆ ಈ ಮನೆಯಿಂದ ಹೊರಬೀಳಲಿಕ್ಕೆ, ಅಷ್ಟೇ. ಕಲಿಸಲು ಜಮಖಂಡಿಯಿಂದ ಬರುತ್ತಿದ್ದ ಮಾಲಾ ಎಂಬ ಹುಡುಗಿ ಮೊದಲು ಎಲ್ಲರನ್ನೂ ಚಿತ್ರಕ್ಕೆ ಹಚ್ಚಿದಳು. “ಮನ್ಯಾಗ ದಿನಾ ಕಾಣೂದರ ಚಿತ್ರ ತಗೀರಿ, ಅಕ್ಕಾರ. ಒಂದನ್ನ ಹಿಡದು ಅದನ್ನ ಬಿಡಬ್ಯಾಡ್ರಿ. ಕಡೀಕ ಆ ಹಾಳಿ ಎಲ್ಲಾ ಹೊಲದು ನಿಮ್ಮದ ಒಂದ ಪುಸ್ತಕ ಮಾಡೂಣು.” ಉಳಿದವರು ಹಂಡೆ, ಆಡು, ಬಾಗಿಲ ತೋರಣ ಎಂದು ಹಿಡಿದರು. ಆಡು ಹಿಡಿದವಳು ಅದು ನಿಲ್ಲುವುದಿಲ್ಲವೆಂದು ಬೈದಳು. ಮಧುಮತಿಯ ಮನೆಯಲ್ಲಿ ಅಲುಗಾಡದೆ ಇರುತ್ತಿದ್ದುದು ಗಂಡನ ಬಲಗೈ. ಅವನು ಮಲಗಿದಾಗ ಅದನ್ನೇ ಬರೆಯತೊಡಗಿದಳು.

ಮೊದಲ ಕೈ ಬದನೆಕಾಯಿಯ ಹಾಗೆ ಬಂತು. ಅವಳೇ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಬರುಬರುತ್ತ ನಗು ನಿಂತಿತು. ಗೆಣ್ಣು ಎಲ್ಲಿ ಮಡಿಯುತ್ತದೆ, ಹೆಬ್ಬೆರಳ ಬುಡದಲ್ಲಿ ನೂಲು ಕೊಯ್ದ ಹಳೆಯ ಗೆರೆ ಯಾವ ಕಡೆ ಹೊರಳುತ್ತದೆ, ಇಷ್ಟು ವರ್ಷ ಸಂಸಾರ ಮಾಡಿಯೂ ಇವನ್ನೆಲ್ಲ ಅವಳು ಈಗ ನೋಡುತ್ತಿದ್ದಳು. ವಾರದಿಂದ ವಾರಕ್ಕೆ ಹಾಳೆಯ ಮೇಲಿನ ಕೈ ಸುಧಾರಿಸುತ್ತ ಬಂತು. ಮಂಚದ ಮೇಲಿನದು ಇದ್ದ ಹಾಗೆಯೇ ಇತ್ತು. ಆದರೂ ಅವಳಿಗೆ ಖುಷಿಯಾಗುತ್ತಿತ್ತು. ಮನೆಯಲ್ಲಿ ಅದನ್ನು ಯಾರಿಗೂ ತೋರಿಸುವಂತಿರಲಿಲ್ಲ.

ಹೊದಿಕೆಗೆ ಮನೆಯಿಂದಲೇ ಗಟ್ಟಿ ರಟ್ಟು ತರಬೇಕಿತ್ತು. ಅಟ್ಟದ ಮೇಲೆ ಸೀರೆಯ ಖಾಲಿ ಡಬ್ಬಿಗಳು ಬೇಕಾದಷ್ಟಿದ್ದವು. ಆದರೆ ಗಿಳಿಯ ರಟ್ಟುಗಳ ಆ ತೂತುಗಳಿಂದ, ಅಡಿಗೆ ಹಚ್ಚಿದ ಕೆಂಪು ಬಟ್ಟೆ ಇಣುಕಿದರೆ ಹೇಗೆ ಕಂಡೀತು ಎಂದು ಒಮ್ಮೆ ಅಂದುಕೊಂಡ ಮೇಲೆ ಅವಳಿಗೆ ಬೇರೆ ಯಾವುದೂ ಹಿಡಿಸಲಿಲ್ಲ. ನಡುವಿನ ರಟ್ಟು ಹೋದರೆ ಗಿಳಿ ಊನವಾಗುತ್ತದೆಂದು ನೇಕಾರನ ಹೆಂಡತಿಗೆ ಗೊತ್ತಿಲ್ಲದೆ ಏನು? ಆ ಸರ ಇನ್ನು ಮಗ್ಗ ಏರುವುದಿಲ್ಲವೆಂದು ಅವಳು ಒಳಗೇ ತೀರ್ಮಾನಿಸಿಬಿಟ್ಟಿದ್ದಳು. ಅದನ್ನು ಅವನಿಗೆ ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ಆ ಮಧ್ಯಾಹ್ನ ತರಗತಿಯಲ್ಲಿ ಆ ರಟ್ಟುಗಳನ್ನೇ ಹೊದಿಕೆ ಮಾಡಿ ಹೊಲಿದ ಅವಳ ಪುಸ್ತಕವನ್ನು ಮಾಲಾ ಎತ್ತಿ ಎಲ್ಲರಿಗೂ ತೋರಿಸಿದಳು. ಮಧುಮತಿ ಅದನ್ನು ಸೆರಗಿನಡಿ ಇಟ್ಟುಕೊಂಡು ಟಂಟಂ ರಿಕ್ಷಾದಲ್ಲಿ ಮನೆಗೆ ಬಂದಳು.

ಗಿರಿಮಲ್ಲಪ್ಪ ಸರವನ್ನು ತೊಡೆಯ ಮೇಲೆ ಹರವಿಕೊಂಡು ಕುಳಿತಿದ್ದ. ಪಕ್ಕದ ಮನೆಯ ಮಗ್ಗಗಳ ಸದ್ದಿಗೆ ಗೋಡೆ ಅದುರುತ್ತಿತ್ತು.

“ಮಧುಮತಿ, ಈ ಗಿಳಿಗೆ ಕಣ್ಣ ಇಲ್ಲ,” ಎಂದ. “ಕೊಕ್ಕ ಆದ ಕೂಡ್ಲೆ ಕುತಗಿ ಬರಾಕತ್ತೈತಿ. ಗಂಟ ಯಾರ ಹಾಕ್ಯಾರ ಇಲ್ಲಿ?”

“ನಾನರಿ.” ಅವಳು ಪುಸ್ತಕವನ್ನು ಅವನ ಮುಂದಿಟ್ಟಳು. “ಇದಕ್ಕ ಕತ್ತರಸೀನಿ.”

ಅವನು ಹೊದಿಕೆಯ ಮೇಲೆ ಬೆರಳಾಡಿಸಿದ. ಕಣ್ಣು ಸಿಕ್ಕಿತೇನೋ, ಒಂದೆಡೆ ಬೆರಳು ನಿಂತಿತು. ಬೈಯುತ್ತಾನೆಂದು ಅವಳು ಕಾದಳು. ಅವನು ಪುಟ ತೆರೆದ.

“ಇದೇನ, ಬದನಿಕಾಯಿ?”

“ನಿಮ್ಮ ಕೈರಿ.”

ಒಂದೊಂದೇ ಹಾಳೆ ಮಗುಚಿದ. ಕೊನೆಯದಕ್ಕೆ ಬಂದು ಬಹಳ ಹೊತ್ತು ನೋಡಿದ. “ಭಾಳ ಛಲೋ ತಗದಿ,” ಎಂದ. ಮನಸ್ಸಿನಿಂದಲೇ ಅಂದಿದ್ದ. ಆಮೇಲೆ, “ಶ್ರಾವಣದಾಗ ತಗದದ್ದು ಯಾವುದು?” ಎಂದು ಕೇಳಿದ. ತೋರಿಸಿದಳು. ಅದನ್ನೂ ಕೊನೆಯದನ್ನೂ ಹಿಂದೆಮುಂದೆ ತಿರುವಿ ತಿರುವಿ ನೋಡಿದ. ಎರಡರಲ್ಲೂ ಬೆರಳುಗಳು ಒಂದೇ ಹಾಗೆ ಮಡಿಚಿದ್ದವು.

“ಬೆರಳ ಒಂಚೂರು ಬಿಚ್ಚ್ಯಾವು ಅನಸಿತ್ತು ನನಗ. ಡಾಕ್ಟರಿಗೂ ಹಂಗ ಹೇಳೀನಿ.”

“ತಗಿಯೂದರಾಗ ತಪ್ಪ ಆಗಿರತೈತ್ರಿ. ನನಗೇನ ಬರತೈತಿ?”

“ಇಲ್ಲ. ನೋಡೇ ತಗದಿ.”

ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟ. ಮಧುಮತಿಗೆ ಅದನ್ನು ಒಲೆಗೆ ಹಾಕಿಬಿಡಬೇಕೆನಿಸಿತು. ಹಾಕಲಾರೆನೆಂದೂ ಗೊತ್ತಿತ್ತು.

“ಕತ್ತರಿ ತಾ,” ಎಂದ ಅವನು. “ತರಗತ್ಯಾಗ ಉಳದವರಿಗೂ ರಟ್ಟ ಬೇಕಾಗತಾವು. ಸುಮ್ಮ ಗ್ವಾಡಿಗೆ ಜ್ವಾತ ಬಿದ್ದು ಧೂಳ ಹಿಡಿಯಾಕತ್ತಾವು.”

“ಬ್ಯಾಡ್ರಿ...”

“ತಾ ಅಂದ್ನೆಲ್ಲ.”

ದಾರ ಬಿಗಿಯಲು ಅವನಿಗೆ ಒಂದು ಕೈ ಸಾಲಲಿಲ್ಲ. ಒಂದು ತುದಿಯನ್ನು ಹಲ್ಲಿನಿಂದ ಕಚ್ಚಿ, ಇನ್ನೊಂದನ್ನು ಎಡಗೈಯಲ್ಲಿ ಎಳೆದು ಹಿಡಿದ. ಅವಳು ಎದುರು ಕುಳಿತು ಕತ್ತರಿ ಹಚ್ಚಿದಳು. ರಟ್ಟುಗಳು ಒಂದೊಂದಾಗಿ ನೆಲಕ್ಕೆ ಬಿದ್ದವು. ದಾರ ಕಚ್ಚಿದ ಅವನ ಬಾಯಿಯ ಎರಡು ಬದಿಗೂ ಗೆರೆ ಎದ್ದಿತ್ತು. ಒಂದು ಗದ್ದದವರೆಗೂ ಇಳಿದಿತ್ತು, ಲಕ್ವಾ ಹೊಡೆದ ಕಡೆಯದು ನಡುವೆಯೇ ಸಡಿಲಾಗಿತ್ತು. ಅವನ್ನು ಬರೆಯುವಾಗ ಪೆನ್ಸಿಲನ್ನು ಎಲ್ಲಿ ಒತ್ತಬೇಕು, ಎಲ್ಲಿ ಹಗುರ ಬಿಡಬೇಕು ಎಂದು ತಾನು ನೋಡುತ್ತಿರುವುದು ಅರಿವಾಗಿ ಮಧುಮತಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತು. ಕತ್ತರಿ ನಿಂತಿತು.

“ನಿಂದರಸಬ್ಯಾಡ,” ಎಂದ ಅವನು, ದಾರ ಬಿಡದೆ, ಹಲ್ಲಿನ ಸಂದಿಯಿಂದಲೇ.

ಅವಳು ಮುಂದಿನ ದಾರ ಕತ್ತರಿಸಿದಳು. ಕಣ್ಣು ಮತ್ತೆ ಆ ಗೆರೆಯ ಮೇಲೆಯೇ ಇತ್ತು.