ಶಿಬಿರಕ್ಕೆ ಹೊರಟ ಚೀಲ

ಬಸ್ಸಿನ ಮೆಟ್ಟಿಲ ಮೇಲೆ ಇಟ್ಟ ಕಾಲನ್ನು ಹುಡುಗಿ ಹಿಂದಕ್ಕೆ ತೆಗೆದುಕೊಂಡಳು. "ಅಪ್ಪ, ನಂಗೆ ಹೋಗಕ್ಕಾಗಲ್ಲ."

"ಹೆದರಿಕೆಗೆ ಹಾಗನ್ನಿಸತ್ತೆ ಚೋಟು. ನಿಧಾನಕ್ಕೆ ಉಸಿರು ಎಳ್ಕೋ, ಮನೇಲಿ ಮಾಡಿದ್ವಲ್ಲ," ಎಂದ ಅಪ್ಪ.

ಮನೆಯಲ್ಲಿ ಮಾಡದೆ ಉಳಿಸಿದ್ದು ಏನೂ ಇರಲಿಲ್ಲ. ಬೇಸಿಗೆ ಶಿಬಿರಕ್ಕೆ ಹೆಸರು ಕೊಟ್ಟಾಗಿನಿಂದ ಮಗಳಿಗೆ ಊಟ ಸೇರುತ್ತಿರಲಿಲ್ಲ. ಅಪ್ಪ ತನ್ನ ಲಾಂಡ್ರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಹಗ್ಗ ಕಟ್ಟಿ, ದುಪ್ಪಟಿ ಇಳಿಬಿಟ್ಟು ಡೇರೆ ಮಾಡಿದ. ಅದರೊಳಗೆ ಒಬ್ಬಳೇ ಮಲಗುವುದನ್ನು ಅವಳು ಕಲಿತಳು. ಗಿರಾಕಿಗಳು "ತರಬೇತಿ ಮಗಳಿಗೋ ನಿನಗೋ?" ಎಂದು ಕಾಲೆಳೆದರೂ ಅವನು ಬಿಡಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಮಗಳು ತನ್ನ ಬೆನ್ನಿಗೇ ಅಂಟಿಕೊಂಡಿದ್ದಾಳೆ, ನಾಲ್ಕು ಮಕ್ಕಳ ಜೊತೆ ಸೇರಿ ನಗಲಿ ಎಂಬುದಷ್ಟೇ ಅವನ ಆಸೆ. ಚೀಲದೊಳಗಿನ ಬಟ್ಟೆಗೆಲ್ಲ ತಾನೇ ಗಂಜಿ ಹಾಕಿ ಇಸ್ತ್ರಿ ಮಾಡಿದ್ದ, ಆಟದ ಚಡ್ಡಿಗೂ.

"ಕತ್ತಲೆಗಾ ಹೆದರಿಕೆ?"

ಅವಳು ಅಲ್ಲವೆಂದು ತಲೆಯಾಡಿಸಿದಳು. "ನಾನು ಹೋದ್ಮೇಲೆ ನನ್ನ ಹಾಸಿಗೆ ಒಗೀತೀಯಾ?"

"ಒಗೀದೆ ಬಿಡ್ತೀನಾ? ನೀನು ಬರೋಷ್ಟರಲ್ಲಿ ಘಮಘಮ ಅಂತಿರತ್ತೆ."

ಅವಳ ಮುಖ ಬಿಳಿಚಿಕೊಂಡಿತು. "ಅಮ್ಮಂದೂ ಹಾಗೇ ಮಾಡ್ದೆ. ನನ್ನ ಅತ್ತೆ ಮನೆಗೆ ಕಳಿಸಿದ್ಯಲ್ಲ, ಬಂದು ನೋಡಿದ್ರೆ ಅಮ್ಮ ಇರಲಿಲ್ಲ. ದಿಂಬು, ಹೊದಿಕೆ, ಸ್ವೆಟರು, ಎಲ್ಲಾದ್ರಲ್ಲೂ ಸೋಪಿನ ವಾಸನೆ. ಅಮ್ಮನ ವಾಸನೆ ಎಲ್ಲೂ ಇರಲಿಲ್ಲ ಅಪ್ಪ."

ಹೆಂಡತಿಯ ಅಂತ್ಯಕ್ರಿಯೆ ಮುಗಿಸಿ ಬಂದ ದಿನ ಅವನು ದಿಕ್ಕು ತೋಚದೆ, ಗೊತ್ತಿದ್ದ ಒಂದೇ ಕೆಲಸ ಮಾಡಿದ್ದ. ಅವಳು ಉಟ್ಟದ್ದು, ಹೊದ್ದದ್ದು ಎಲ್ಲವನ್ನೂ ಕುದಿನೀರಿಗೆ ಹಾಕಿದ್ದ. ಮಗಳು ಬರುವ ಹೊತ್ತಿಗೆ ಮನೆ ಚೊಕ್ಕಟವಾಗಿರಲಿ ಎಂದುಕೊಂಡಿದ್ದನೇ ಹೊರತು, ಅವಳಿಗೆಂದು ಒಂದು ತುಂಡು ಬಟ್ಟೆಯನ್ನೂ ಉಳಿಸಿರಲಿಲ್ಲ.

"ತಪ್ಪಾಯ್ತು ಚೋಟು. ನಿನ್ನ ಹಾಸಿಗೆ ಮುಟ್ಟಲ್ಲ."

"ನಾನು ಬಂದಾಗ ನೀನೂ ಇರ್ತೀಯಾ?"

"ಇರ್ತೀನಿ," ಎಂದ. ಅಂದು ಅತ್ತೆಯ ಮನೆಗೆ ಕಳಿಸುವಾಗಲೂ, ಅಮ್ಮ ಇರ್ತಾಳೆ ಎಂದೇ ಹೇಳಿದ್ದ. ಮಗಳು ಅವನ ಮುಖವನ್ನೇ ನೋಡುತ್ತಿದ್ದಳು.

ಡ್ರೈವರು ಹಾರನ್ ಬಾರಿಸಿದ. ಹುಡುಗಿ ಅಪ್ಪನ ಅಂಗಿಯ ತುದಿ ಹಿಡಿದಳು. "ಇದನ್ನ ಕೊಡು."

"ಬೆವರು ನಾತ ಕಣೇ. ಅಂಗಡೀಲಿ ಒಗೆದದ್ದು ಇದೆ, ಓಡಿ ಹೋಗಿ..."

"ಒಗೆದದ್ದು ಬೇಡ."

ಅವನು ರಸ್ತೆಯಲ್ಲೇ ಗುಂಡಿ ಬಿಚ್ಚಿದ. ಅವಳು ಅಂಗಿಯನ್ನು ಮಡಚದೆ ಉಂಡೆ ಮಾಡಿ, ಗರಿಗರಿ ಬಟ್ಟೆಗಳ ತಳಕ್ಕೆ ತುರುಕಿ, ಮೆಟ್ಟಿಲು ಹತ್ತಿದಳು. ತಿರುಗಿ ನೋಡಲಿಲ್ಲ.

ಉಳಿದ ಅಪ್ಪ ಅಮ್ಮಂದಿರು ಕೈಬೀಸಿ, ಹರಟುತ್ತ ಚದುರಿದರು. ಬಸ್ಸು ತಿರುವು ದಾಟಿ ಎಷ್ಟೋ ಹೊತ್ತಾದ ಮೇಲೂ ಅವನು ಬರೀ ಬನಿಯನ್ನಿನಲ್ಲಿ, ಎದೆಗೆ ಕೈಕಟ್ಟಿಕೊಂಡು ಅಲ್ಲೇ ನಿಂತಿದ್ದ.